ಊರ ಪಕ್ಕ ಬಣ್ಣದ ರಾಸಾಯನಿಕದ ಕಾರ್ಖಾನೆ: ಆಲಿಕೆ ಸಭೆಯಲ್ಲಿ ಮೂರು ನಿಮಿಷ ಸಿಕ್ಕರೆ ಏನು ಕೇಳುವುದು?

ತೊಗರಿ ಹೊಲ · ಮಂಗಳವಾರ, ರಾತ್ರಿ 9:12

ಭೀಮಾ ತೀರದ ಕಡೆಯ ಒಂದು ಹಳ್ಳಿ ನಮ್ಮದು. ಹೆಸರು ಹೇಳುವುದಿಲ್ಲ, ಸಭೆ ಮುಗಿದ ಮೇಲೂ ನಾನು ಇದೇ ಊರಿನಲ್ಲಿ ಇರಬೇಕಾದವನು.

ಊರಿನಿಂದ ಎರಡು ಕಿಲೋಮೀಟರ್ ಆಚೆ, ಎರೆ ಹೊಲಗಳ ನಡುವೆ, ಬಟ್ಟೆಯ ಬಣ್ಣಗಳಿಗೆ ಬೇಕಾದ ಮಧ್ಯಂತರ ರಾಸಾಯನಿಕಗಳನ್ನು ತಯಾರಿಸುವ ಕಾರ್ಖಾನೆ ಬರುತ್ತದಂತೆ. ಇನ್ನು ಹನ್ನೆರಡು ದಿನಕ್ಕೆ ಪರಿಸರ ಸಾರ್ವಜನಿಕ ಆಲಿಕೆ ಸಭೆ. ಪಂಚಾಯಿತಿಯಲ್ಲಿ ವರದಿ ಇಟ್ಟಿದ್ದಾರೆ: ಇಂಗ್ಲಿಷಿನಲ್ಲಿ ನಾನೂರು ಚಿಲ್ಲರೆ ಪುಟ, ಕನ್ನಡದ ಸಾರಾಂಶ ಹದಿನೆಂಟು ಪುಟ. ಕನ್ನಡದ್ದನ್ನು ಮೂರು ಸಲ ಓದಿದೆ. "ಶೂನ್ಯ ದ್ರವ ವಿಸರ್ಜನೆ" ಎಂಬ ಮಾತು ಹನ್ನೊಂದು ಕಡೆ ಬಂದಿದೆ. ಅದನ್ನು ಸಾಧಿಸುವುದು ಹೇಗೆ ಎಂಬುದು ಒಂದು ಕಡೆಯೂ ಇಲ್ಲ.

ಮನೆಯಲ್ಲೇ ಎರಡು ಪಕ್ಷ. ಅಣ್ಣನ ಮಗ ಐಟಿಐ ಮುಗಿಸಿ ಪುಣೆಯಲ್ಲಿ ನಾಲ್ವರ ಜೊತೆ ಒಂದೇ ಕೋಣೆಯಲ್ಲಿದ್ದಾನೆ. "ಕಾರ್ಖಾನೆ ಬಂದರೆ ಹುಡುಗ ಮನೆಯ ರೊಟ್ಟಿ ತಿಂದು ಕೆಲಸಕ್ಕೆ ಹೋಗುತ್ತಾನೆ" ಎನ್ನುವುದು ಅಣ್ಣನ ವಾದ. ಅವ್ವನದು ಒಂದೇ ಮಾತು: "ಎಮ್ಮೆ ಹಳ್ಳದ ನೀರು ಕುಡಿಯುತ್ತದೆ. ಅದಕ್ಕೆ ವರದಿ ಓದಲು ಬರುವುದಿಲ್ಲ."

ಇಂಥ ಕಾರ್ಖಾನೆಯಿಂದ ನಿಜವಾಗಿ ಊರು ಉದ್ಧಾರವಾಗುತ್ತದೆಯೇ? ಹೊಲಸು ಮಾಡದೆ ಇದನ್ನು ನಡೆಸಲು ಸಾಧ್ಯವೇ? ಬಲ್ಲವರು ಹೇಳಿ. ಬೈಯುವವರೂ ಹೇಳಿ, ಆದರೆ ಕಾರಣ ಕೊಟ್ಟು ಬೈಯಿರಿ.

ಪೀಣ್ಯವಾಸಿ · ರಾತ್ರಿ 9:20

ಬೇಡ ಎನ್ನಿ. ಅದಕ್ಕೆ ಮೂರು ನಿಮಿಷ ಏಕೆ, ಮೂರು ಸೆಕೆಂಡು ಸಾಕು.

ಹಳೆಯ ಬಾಯ್ಲರ್ · ರಾತ್ರಿ 9:47

ಪೀಣ್ಯವಾಸಿಗಳೇ, ತೊಗರಿಗೆ ಕಾಯಿಕೊರಕ ಬಿದ್ದಾಗ ಹೊಡೆಯುವ ಔಷಧ ಆಕಾಶದಿಂದ ಉದುರುವುದಿಲ್ಲ. ಗುಜರಾತಿನ ವಾಪಿಯಲ್ಲೋ ಅಂಕಲೇಶ್ವರದಲ್ಲೋ ಇನ್ನೊಬ್ಬರ ಎಮ್ಮೆ ನೀರು ಕುಡಿಯುವ ಹಳ್ಳದ ಪಕ್ಕದಲ್ಲಿ ತಯಾರಾಗಿ ಬರುತ್ತದೆ. ಬೇಡ ಎನ್ನುವವರು ಅದನ್ನೂ ಬೇಡ ಎನ್ನಬೇಕಲ್ಲ?

ನಾನು ಮೂವತ್ತೊಂದು ವರ್ಷ ಇದೇ ಉದ್ಯಮದಲ್ಲಿದ್ದೆ, ಅದರಲ್ಲಿ ಹದಿನೇಳು ವರ್ಷ ಗುಜರಾತಿನಲ್ಲಿ. ಅನ್ನ ಕೊಟ್ಟ ಉದ್ಯಮವನ್ನು ಬೈಯುವುದಿಲ್ಲ. ಹಾಗೆಂದು ಹಾಡಿ ಹೊಗಳುವಷ್ಟು ಮುಗ್ಧನೂ ಅಲ್ಲ. ತೊಗರಿ ಹೊಲದವರೇ, ಸಾರಾಂಶ ಬದಿಗಿಟ್ಟು ಉತ್ಪನ್ನಗಳ ಪಟ್ಟಿ ನೋಡಿ. ಎಚ್ ಆಸಿಡ್ ಎಂಬ ಹೆಸರಿದೆಯೇ?

ತೊಗರಿ ಹೊಲ · ರಾತ್ರಿ 9:58

ಇದೆ ಸರ್. ನಾಲ್ಕನೆಯದು. ಏಕೆ?

ಹಳೆಯ ಬಾಯ್ಲರ್ · ರಾತ್ರಿ 10:31

ಹಾಗಾದರೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬೀರುವಿನಲ್ಲಿ ಸೀರೆಗಳ ನಡುವೆ ಇಡುವ ಬಿಳಿಯ ಗುಳಿಗೆ ಗೊತ್ತಲ್ಲ, ನ್ಯಾಫ್ತಲೀನ್? ಎಚ್ ಆಸಿಡ್‌ನ ಮೂಲ ಅದೇ. ಅದನ್ನು ಗಂಧಕಾಮ್ಲದಲ್ಲಿ ಬೇಯಿಸಿ, ನೈಟ್ರಿಕ್ ಆಮ್ಲ ಸೇರಿಸಿ, ಆಮೇಲೆ ಅಪಕರ್ಷಣೆ ಮಾಡಿ (ಅಂದರೆ ಆಮ್ಲಜನಕ ಕಳೆದು ಹೈಡ್ರೋಜನ್ ಸೇರಿಸಿ), ಕಾಸ್ಟಿಕ್ ಸೋಡಾ ಜೊತೆ ಒತ್ತಡದಲ್ಲಿ ಕಾಯಿಸಿ, ಕೊನೆಗೆ ಮತ್ತೆ ಆಮ್ಲ ಹಾಕಿ ಇಳಿಸುತ್ತಾರೆ. ಹತ್ತಿ ಬಟ್ಟೆಯ ಕಪ್ಪು, ಕಡುನೀಲಿ ಬಣ್ಣಗಳಿಗೆ ಇದು ಬೇಕೇ ಬೇಕು. ಪ್ರತಿ ಹಂತದಲ್ಲೂ ಆಮ್ಲ ಸುರಿಯುವುದು, ತೊಳೆಯುವುದು, ಸೋಸುವುದು. ಸರಕಿಗಿಂತ ಕಸವೇ ಹಲವು ಪಟ್ಟು.

ಅಪಕರ್ಷಣೆಯ ಹಂತಕ್ಕೆ ಎರಡು ದಾರಿಗಳಿವೆ. ಹಳೆಯದು ಕಬ್ಬಿಣದ ಪುಡಿಯದ್ದು. ಅಗ್ಗ, ಹೆಚ್ಚು ಯಂತ್ರ ಬೇಡ, ಆದರೆ ತುಕ್ಕಿನಂಥ ಕಪ್ಪು ಕೆಸರು ರಾಶಿ ರಾಶಿ ಉಳಿಯುತ್ತದೆ. ಹೊಸದು ವೇಗವರ್ಧಕ ಬಳಸಿ ಹೈಡ್ರೋಜನ್ ಅನಿಲದಿಂದ ಮಾಡುವುದು. ಅದಕ್ಕೆ ಬಂಡವಾಳ ಬೇಕು, ಎಚ್ಚರ ಬೇಕು, ಆದರೆ ಆ ಕಬ್ಬಿಣದ ಕೆಸರು ಹುಟ್ಟುವುದೇ ಇಲ್ಲ. ಇವರದು ಯಾವ ದಾರಿ ಎಂದು ವರದಿಯಲ್ಲಿ ಹುಡುಕಿ. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ.

ಕಪ್ಪುಕೋಟು · ರಾತ್ರಿ 10:52

ಎಚ್ ಆಸಿಡ್ ಎಂದ ಕೂಡಲೇ ನಾವು ವಕೀಲರಿಗೆ ನೆನಪಾಗುವುದು ಬಿಛಡಿ. ರಾಜಸ್ಥಾನದ ಉದಯಪುರದ ಹತ್ತಿರದ ಹಳ್ಳಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಕೆಲವೇ ಕಾಲ ಎಚ್ ಆಸಿಡ್ ತಯಾರಾಯಿತು. ಸುಪ್ರೀಂ ಕೋರ್ಟ್ ತೀರ್ಪಿನಲ್ಲಿರುವ ಲೆಕ್ಕ ಕೇಳಿ: ಸುಮಾರು 375 ಟನ್ ಸರಕು, ಅದಕ್ಕೆ ಸುಮಾರು 2,440 ಟನ್ ಕೆಸರು. ಆ ಕೆಸರನ್ನು ಬಯಲಲ್ಲಿ ಸುರಿದರು. ಮಳೆ ಬಂತು, ಬಾವಿಗಳ ನೀರು ಕೆಂಪಾಯಿತು.

1996ರಲ್ಲಿ ತೀರ್ಪು ಬಂತು. "ಹೊಲಸು ಮಾಡಿದವನೇ ದಂಡ ತೆರಬೇಕು" ಎಂಬ ತತ್ವ ನಮ್ಮ ಕಾನೂನಿನಲ್ಲಿ ಬೇರೂರಿದ್ದು ಆ ಪ್ರಕರಣದಿಂದ. ತತ್ವ ಗಟ್ಟಿಯಾಯಿತು, ನೀರು ತಿಳಿಯಾಗಲಿಲ್ಲ. ತೀರ್ಪಿನ ನಂತರವೂ ಹಣ ಕಟ್ಟುವುದನ್ನು ತಪ್ಪಿಸಲು ಕಂಪನಿಯವರು ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ ವರ್ಷಗಳು ಉರುಳಿದವು.

ಪೀಣ್ಯವಾಸಿ · ರಾತ್ರಿ 10:55

ನಾನು ಮೂರು ಸೆಕೆಂಡಿನಲ್ಲಿ ಹೇಳಿದ್ದನ್ನೇ ನೀವು ಮೂರು ಪುಟದಲ್ಲಿ ಹೇಳುತ್ತಿದ್ದೀರಿ.

ಲೆಕ್ಕದ ಮೇಷ್ಟ್ರು · ಬುಧವಾರ, ಬೆಳಿಗ್ಗೆ 6:40

ಇಲ್ಲ. ಬಿಛಡಿ ಮೂವತ್ತೈದು ವರ್ಷದ ಹಿಂದಿನ ಮಾತು. ಅಂದು ತಯಾರಕರಿಗೆ ಪರವಾನಗಿಯೂ ಸರಿಯಾಗಿ ಇರಲಿಲ್ಲ. ಅದನ್ನು ತೋರಿಸಿ ಇಡೀ ಉದ್ಯಮವನ್ನು ಬೇಡ ಎನ್ನುವುದು ಬಸ್ಸು ಪಲ್ಟಿಯಾಯಿತೆಂದು ರಸ್ತೆಯನ್ನೇ ಅಗೆದಂತೆ.

ಈ ಉದ್ಯಮದ ಹಣಕಾಸಿನ ಗುಣವೇ ಬೇರೆ. ರಾಸಾಯನಿಕವನ್ನು ಹೆಚ್ಚಾಗಿ ಕೊಳ್ಳುವುದು ನೀವು ನಾವಲ್ಲ, ಇನ್ನೊಂದು ಕಾರ್ಖಾನೆ. ಈ ಊರಿನ ಎಚ್ ಆಸಿಡ್ ಬಣ್ಣದ ಕಾರ್ಖಾನೆಗೆ, ಆ ಬಣ್ಣ ಸೂರತ್ತಿಗೋ ತಿರುಪ್ಪೂರಿಗೋ, ಅಲ್ಲಿಂದ ಅಂಗಿಯಾಗಿ ನಮ್ಮ ಮೈಮೇಲೆ. ಕೊಂಡಿಯಲ್ಲಿ ಒಂದು ತಪ್ಪಿದರೆ ಮುಂದಿನದೆಲ್ಲ ನಿಲ್ಲುತ್ತದೆ. ಕೋವಿಡ್ ನೆನಪಿಸಿಕೊಳ್ಳಿ. 2020ರ ಮಾರ್ಚಿನಲ್ಲಿ ಚೀನಾದಿಂದ ಕಚ್ಚಾವಸ್ತು ಬರುವುದು ಅನುಮಾನವಾದಾಗ ನಮ್ಮ ಸರಕಾರ ಪ್ಯಾರಾಸಿಟಮಾಲ್ ರಫ್ತಿಗೇ ನಿರ್ಬಂಧ ಹಾಕಿತು. ಜಗತ್ತಿಗೆ ಮಾತ್ರೆ ಮಾರುವ ದೇಶ ನಾವು, ಮಾತ್ರೆಯೊಳಗಿನ ಪುಡಿಯ ಮೂಲಕ್ಕೆ ಇನ್ನೊಬ್ಬರ ಬಾಗಿಲಲ್ಲಿ ನಿಂತಿದ್ದೆವು.

2017ರಿಂದ ಚೀನಾ ತನ್ನ ಹೊಲಸು ಘಟಕಗಳನ್ನು ಮುಚ್ಚಿಸತೊಡಗಿತು. 2019ರ ಮಾರ್ಚಿನಲ್ಲಿ ಜಿಯಾಂಗ್ಸು ಪ್ರಾಂತ್ಯದ ರಾಸಾಯನಿಕ ಘಟಕವೊಂದರಲ್ಲಿ ಸ್ಫೋಟವಾಗಿ 78 ಜನ ಸತ್ತ ಮೇಲೆ ಅದು ಇನ್ನೂ ಬಿಗಿಯಾಯಿತು. ಅಲ್ಲಿ ನಿಂತ ಬೇಡಿಕೆ ಇಲ್ಲಿಗೆ ಬಂತು. ಅವಕಾಶ ಎಂದರೆ ಇದೇ.

ಕೊಕ್ಕಡದವಳು · ಬೆಳಿಗ್ಗೆ 7:15

ಮೇಷ್ಟ್ರೇ, ನಿಮ್ಮ ಕೊನೆಯ ಪ್ಯಾರಾವನ್ನು ನೀವೇ ಇನ್ನೊಮ್ಮೆ ಓದಿ. ಅಲ್ಲಿ 78 ಜನ ಸತ್ತರು, ಆದ್ದರಿಂದ ನಮಗೆ ಅವಕಾಶ. ಅವರು ಹೊರಗೆ ಎಸೆದದ್ದನ್ನು ನಾವು ಸೆರಗೊಡ್ಡಿ ತೆಗೆದುಕೊಳ್ಳುವುದನ್ನು ಅಭಿವೃದ್ಧಿ ಎನ್ನುತ್ತೀರಿ.

ಲೆಕ್ಕದ ಮೇಷ್ಟ್ರು · ಬೆಳಿಗ್ಗೆ 7:32

ಹೇಳಿದ ರೀತಿ ಸರಿಯಾಗಲಿಲ್ಲ, ಒಪ್ಪುತ್ತೇನೆ. ಆದರೆ ಅಂಗಿ ಬೇಕು, ಬಣ್ಣ ಬೇಕು, ಕಾರ್ಖಾನೆ ಮಾತ್ರ ಪಕ್ಕದ ಜಿಲ್ಲೆಗೆ ಹೋಗಲಿ ಎನ್ನುವುದಕ್ಕಿಂತ ಇದು ಪ್ರಾಮಾಣಿಕ.

ಕೊಕ್ಕಡದವಳು · ಬೆಳಿಗ್ಗೆ 8:05

ನಾನು ಪಕ್ಕದ ಜಿಲ್ಲೆಗೆ ಹೋಗಲಿ ಎಂದೆನೇ? ನಮ್ಮ ಊರಿನಲ್ಲಿ ಕಾರ್ಖಾನೆಯೇ ಇರಲಿಲ್ಲ. ಗೇರುತೋಟ ಇತ್ತು. ಇಪ್ಪತ್ತು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಚಿಕ್ಕವಳಿದ್ದಾಗ ಹೆಲಿಕಾಪ್ಟರ್ ಬಂತೆಂದರೆ ನಮಗೆ ಹಬ್ಬ, ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಅದೇ ಅಂಗಳದಲ್ಲಿ ಅಮ್ಮ ಹಪ್ಪಳ ಒಣಗಿಸುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ನಮ್ಮ ಪಕ್ಕದ ಮನೆಯ ಹುಡುಗನಿಗೆ ಈಗ ಮೂವತ್ತು ದಾಟಿದೆ, ಅವನ ತಾಯಿ ಇಂದಿಗೂ ಅವನನ್ನು ಎತ್ತಿಕೊಂಡೇ ಸ್ನಾನ ಮಾಡಿಸುತ್ತಾರೆ.

ಕಾರ್ಖಾನೆಯ ಗೇಟಿನಲ್ಲಿ ಎಲ್ಲ ಅಚ್ಚುಕಟ್ಟಾಗಿದ್ದರೂ ಸರಕು ಹೋಗಿ ಬೀಳುವ ಜಾಗದಲ್ಲಿ ಏನಾಗುತ್ತದೆ ಎಂಬ ಲೆಕ್ಕವನ್ನು ಮೇಷ್ಟ್ರು ಯಾವ ಖಾತೆಯಲ್ಲಿ ಬರೆಯುತ್ತಾರೆ?

ಲೆಕ್ಕದ ಮೇಷ್ಟ್ರು · ಬೆಳಿಗ್ಗೆ 8:20

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ ಅಕ್ಕ.

ಪಣಂಬೂರು ಪಾಳಿ · ಬೆಳಿಗ್ಗೆ 11:03

ಸ್ವಲ್ಪ ನಮ್ಮ ಕಡೆಗೂ ನೋಡಿ ಮಾರಾಯರೇ. ಕರ್ನಾಟಕದಲ್ಲಿ ಯೂರಿಯಾ ತಯಾರಾಗುವುದು ಒಂದೇ ಕಡೆ, ಮಂಗಳೂರಿನ ಪಣಂಬೂರಿನ ಎಂಸಿಎಫ್ ಗೊಬ್ಬರ ಕಾರ್ಖಾನೆಯಲ್ಲಿ. 1976ರಿಂದ ನಡೆಯುತ್ತಿದೆ. ಬಹುಕಾಲ ಅದು ನಾಫ್ತಾ ಬಳಸಿ ಯೂರಿಯಾ ಮಾಡುತ್ತಿತ್ತು. ನಾಫ್ತಾ ಎಂದರೆ ಪೆಟ್ರೋಲಿನ ದಾಯಾದಿ, ದುಬಾರಿ, ಇಂಗಾಲವೂ ಹೆಚ್ಚು. 2020ರ ಕೊನೆಗೆ ಕೊಚ್ಚಿಯಿಂದ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬಂತು. 450 ಕಿಲೋಮೀಟರ್ ಕೊಳವೆ ಅದು, ಕೇರಳದಲ್ಲಿ ಜಾಗದ ತಕರಾರಿಗೆ ಎಷ್ಟೋ ವರ್ಷ ನಿಂತಿತ್ತು.

ಕಾರ್ಖಾನೆ ಅದೇ, ಊರು ಅದೇ, ಚೀಲದೊಳಗಿನ ಕಾಳೂ ಅದೇ. ಒಳಗೆ ಹೋಗುವ ಇಂಧನ ಬದಲಾದದ್ದರಿಂದ ಹೊಗೆಯೂ ಖರ್ಚೂ ಇಳಿದವು. ಸಾಧ್ಯವಿಲ್ಲ ಎನ್ನುವವರಿಗೆ ಇದನ್ನು ಹೇಳಿದೆ.

ಗೊಬ್ಬರದಂಗಡಿ · ಬೆಳಿಗ್ಗೆ 11:20

ಖರ್ಚು ಇಳಿದದ್ದು ಯಾರಿಗೆ? ನಮ್ಮ ಅಂಗಡಿಯಲ್ಲಿ ಯೂರಿಯಾ ಬೆಲೆ ಕಂಪನಿಯ ಇಂಧನ ನೋಡಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 50 ಕೆಜಿ ಚೀಲ 242 ರೂಪಾಯಿ, ಮೇಲೆ ತೆರಿಗೆ, ಬೇವಿನ ಲೇಪನದ ಖರ್ಚು. ಉಳಿದದ್ದೆಲ್ಲ ಸಬ್ಸಿಡಿ.

ರಸಾಯನ ಮೇಡಂ · ಬೆಳಿಗ್ಗೆ 11:26

50 ಅಲ್ಲ, 45 ಕೆಜಿ. 2018ರಿಂದ.

ಗೊಬ್ಬರದಂಗಡಿ · ಬೆಳಿಗ್ಗೆ 11:41

ಹೌದು ಮೇಡಂ, 45. ಬಾಯಿಗೆ ಹಳೆಯದೇ ರೂಢಿ. ರೈತರು ಕೆಜಿ ಲೆಕ್ಕದಲ್ಲಿ ಹಾಕುವುದಿಲ್ಲ, ಚೀಲದ ಲೆಕ್ಕದಲ್ಲಿ ಹಾಕುತ್ತಾರೆ, ಚೀಲ ಸಣ್ಣದಾದರೆ ಬಳಕೆಯೂ ಇಳಿಯುತ್ತದೆ ಎಂದು ದಿಲ್ಲಿಯಲ್ಲಿ ಯಾರೋ ಯೋಚಿಸಿದರು. ನಮ್ಮ ಅಂಗಡಿಯಲ್ಲಿ ನಾನು ಕಂಡದ್ದು ಬೇರೆ: ಹತ್ತು ಚೀಲ ಒಯ್ಯುತ್ತಿದ್ದವರು ಹನ್ನೊಂದು ಕೇಳತೊಡಗಿದರು. 2025ರ ಮುಂಗಾರಿನಲ್ಲಿ ನಸುಕಿಗೆ ಮೂರೂವರೆಗೆ ಬಂದು ಅಂಗಡಿಯ ಮುಂದೆ ಚಪ್ಪಲಿ ಸಾಲಾಗಿಟ್ಟು ಹೋಗಿದ್ದರು. ರಾಸಾಯನಿಕ ಬೇಡ ಎನ್ನುವ ಯಾರಾದರೂ ಆ ಚಪ್ಪಲಿ ಸಾಲಿನ ಮುಂದೆ ಬಂದು ಭಾಷಣ ಮಾಡಲಿ.

ಸಾವಯವ ಸಂಗಪ್ಪ · ಮಧ್ಯಾಹ್ನ 12:10

ನಾನು ಬರುತ್ತೇನೆ, ದಿನ ಹೇಳಿ.

ಗೊಬ್ಬರದಂಗಡಿ · ಮಧ್ಯಾಹ್ನ 12:12

ಹೆಲ್ಮೆಟ್ ಹಾಕಿಕೊಂಡು ಬನ್ನಿ.

ರಸಾಯನ ಮೇಡಂ · ಮಧ್ಯಾಹ್ನ 1:30

ಪಣಂಬೂರಿನವರ ಮಾತಿಗೆ ಒಂದು ತಿದ್ದುಪಡಿ. ಅನಿಲಕ್ಕೆ ಬದಲಾದದ್ದು ಒಳ್ಳೆಯದೇ. ಆದರೆ ನೈಸರ್ಗಿಕ ಅನಿಲವೂ ನೆಲದಿಂದ ತೆಗೆದ ಇಂಗಾಲವೇ. ಒಂದು ಟನ್ ಯೂರಿಯಾಕ್ಕೆ ಸುಮಾರು 0.57 ಟನ್ ಅಮೋನಿಯಾ, 0.73 ಟನ್ ಇಂಗಾಲದ ಡೈಆಕ್ಸೈಡ್ ಬೇಕು. ಅಯ್ಯೋ, ಇಂಗಾಲವನ್ನು ಕಾರ್ಖಾನೆಯೇ ನುಂಗುತ್ತದಲ್ಲ ಎಂದು ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಖುಷಿಪಡುತ್ತಾರೆ. ನುಂಗಿದ್ದನ್ನು ಹೊಲದಲ್ಲಿ ಬಿಡುತ್ತದೆ ಮಕ್ಕಳೇ, ಮಣ್ಣಿಗೆ ಬಿದ್ದ ಯೂರಿಯಾ ಒಡೆದಾಗ ಅದೇ ಅನಿಲ ಮತ್ತೆ ಗಾಳಿಗೆ ಎಂದು ನಾನು ಪ್ರತಿವರ್ಷ ಖುಷಿ ಕೆಡಿಸುತ್ತೇನೆ.

ಈಗ "ಹಸಿರು ಹೈಡ್ರೋಜನ್" ಎಂದು ಹೊಸ ಮಂತ್ರ ಜಪಿಸುತ್ತಿದ್ದಾರೆ. ನೀರಿಗೆ ವಿದ್ಯುತ್ ಹಾಯಿಸಿ ಹೈಡ್ರೋಜನ್ ತೆಗೆದು ಅಮೋನಿಯಾ ಮಾಡುವುದು. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲಿ ಇದೇ ಮಾಡುತ್ತಿದ್ದೆವು, ಭಾಕ್ರಾದ ಜಲವಿದ್ಯುತ್ತಿನಿಂದ. ಆ ವಿದ್ಯುತ್ತಿಗೆ ಬೇರೆ ಬೇಡಿಕೆ ಬಂದು ದುಬಾರಿಯಾದ ಮೇಲೆ ಕೈಬಿಟ್ಟೆವು. ರಸಾಯನ ವಿಜ್ಞಾನಕ್ಕೆ ಸ್ವಚ್ಛ ದಾರಿ ಗೊತ್ತಿಲ್ಲದೆ ಇಲ್ಲ. ಯಾವ ದಾರಿ ಅಗ್ಗ ಎನ್ನುವುದೇ ಕೊನೆಗೆ ಗೆಲ್ಲುತ್ತದೆ.

ಹಳೆಯ ಬಾಯ್ಲರ್ · ಮಧ್ಯಾಹ್ನ 1:44

ನಂಗಲ್ ನೆನಪಿಸಿದ್ದಕ್ಕೆ ನಿಮಗೆ ನಮಸ್ಕಾರ ಮೇಡಂ. ಅಷ್ಟು ದೂರ ಏಕೆ, ಕೃತಕ ಅಮೋನಿಯಾದಲ್ಲಿ ದೇಶಕ್ಕೆ ಮೊದಲು ಕೈಹಾಕಿದವರೇ ನಮ್ಮ ಮೈಸೂರಿನವರು, ಕನ್ನಂಬಾಡಿಯ ಹತ್ತಿರ ಬೆಳಗೊಳದಲ್ಲಿ.

ಮಲ್ಲೇಶ್ವರ 18ನೇ ಅಡ್ಡರಸ್ತೆ · ಮಧ್ಯಾಹ್ನ 2:05

ಮೈಸೂರು ಎಂದಿರಾದ್ದರಿಂದ: ಮೊದಲ ಮಹಾಯುದ್ಧದಲ್ಲಿ ಗಂಧದ ಕೊರಡು ಯೂರೋಪಿಗೆ ಹೋಗುವುದು ನಿಂತು ರಾಶಿ ಬಿದ್ದಾಗಲೇ ಅಲ್ಲವೇ ಇಲ್ಲೇ ಎಣ್ಣೆ ಇಳಿಸುವ ಯೋಚನೆ ಬಂದದ್ದು? ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಡ್‌ಬರೊ ಮತ್ತು ವ್ಯಾಟ್ಸನ್ ಎಂಬ ಇಬ್ಬರು ಇಳಿಸಿ ತೋರಿಸಿದರು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ, ಆಮೇಲೆ ಸಾಬೂನಿನದು. ಅದೂ ರಾಸಾಯನಿಕ ಉದ್ಯಮವೇ ತಾನೇ? ಅದನ್ನು ಯಾರೂ ಬೈಯುವುದಿಲ್ಲ!

ಪೀಣ್ಯವಾಸಿ · ಮಧ್ಯಾಹ್ನ 2:09

ಏಕೆಂದರೆ ಅದು ಘಮಘಮ ಎನ್ನುತ್ತದೆ.

ಸಾವಯವ ಸಂಗಪ್ಪ · ಮಧ್ಯಾಹ್ನ 2:15

ಈಗಿನ ಸಾಬೂನಿನಲ್ಲಿ ಮೊದಲಿನ ಗಂಧ ಇಲ್ಲ ಬಿಡಿ. ನಮ್ಮ ಅಜ್ಜ ತರುತ್ತಿದ್ದ ಕಾಲದಲ್ಲಿ ಬಚ್ಚಲಿನಿಂದ ಪಡಸಾಲೆಗೆ ವಾಸನೆ ಬರುತ್ತಿತ್ತು.

ನಿರ್ವಾಹಕ · ಮಧ್ಯಾಹ್ನ 2:40

ಸಾಬೂನಿನ ಮಾತಿಗೆ ಬೇರೆ ಎಳೆ ತೆರೆಯಿರಿ. ಕೇಳಿದವರಿಗೆ ಹನ್ನೊಂದು ದಿನ ಉಳಿದಿದೆ.

ತುಂಗೆಯ ದಡ · ಸಂಜೆ 6:18

ನಮ್ಮ ನದಿಯ ಕಥೆ ಇಲ್ಲಿ ಯಾರೂ ಎತ್ತಲಿಲ್ಲವಲ್ಲ. 1984ರಲ್ಲಿ ರೇಯಾನ್ ತಿರುಳಿನ ಕಾರ್ಖಾನೆಯ ಹೊಲಸಿಗೆ ತುಂಗಭದ್ರೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ನಮ್ಮ ತಂದೆ ಅಂದು ಬಲೆಯನ್ನು ಮಡಚಿ ಅಟ್ಟದ ಮೇಲೆ ಇಟ್ಟರು, ಎರಡು ವರ್ಷ ಇಳಿಸಲಿಲ್ಲ. ಜನ ಬೀದಿಗೆ ಬಂದರು. ಎಸ್. ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದವರ ಹೋರಾಟ ಶುರುವಾದದ್ದು ಆ ಕಾಲದಲ್ಲಿ.

ಮುಂದಿನದು ಇನ್ನೂ ಸ್ವಾರಸ್ಯ. ರೇಯಾನ್ ತಿರುಳಿಗೆ ನೀಲಗಿರಿ ಮರ ಬೇಕಿತ್ತು. ಅದಕ್ಕಾಗಿ ಸರಕಾರವೇ ಪಾಲುದಾರನಾಗಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ ಸುಮಾರು 75 ಸಾವಿರ ಎಕರೆ ಗೋಮಾಳ, ಸಿ ಮತ್ತು ಡಿ ದರ್ಜೆಯ ಭೂಮಿಯನ್ನು ಒಪ್ಪಿಸಹೊರಟಿತು. 1986ರಲ್ಲಿ ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ: ನೀಲಗಿರಿ ಸಸಿ ಕಿತ್ತು ಜನರಿಗೆ ಬೇಕಾದ ಸಸಿ ನೆಟ್ಟರು. ಕೊನೆಗೆ 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಇಷ್ಟೆಲ್ಲ ಬರೆದದ್ದು ಒಂದು ಕಾರಣಕ್ಕೆ. ಕಾರ್ಖಾನೆಯ ಕಾಂಪೌಂಡ್ ಎಲ್ಲಿಗೆ ಮುಗಿಯುತ್ತದೆ ಎಂದು ನಕ್ಷೆ ನೋಡಿ ನಂಬಬೇಡಿ. ಅದರ ಕಚ್ಚಾವಸ್ತು ಎಲ್ಲಿಂದ, ನೀರು ಎಲ್ಲಿಂದ ಎಂದು ಕೇಳಿ. ನಿಮ್ಮ ಕಡೆ ಬೇಸಿಗೆಯಲ್ಲಿ ಭೀಮೆಯಲ್ಲೇ ನೀರಿರುವುದಿಲ್ಲ.

ತೊಗರಿ ಹೊಲ · ಸಂಜೆ 7:02

ಎಲ್ಲ ಓದುತ್ತಿದ್ದೇನೆ, ಅವ್ವನಿಗೂ ಓದಿ ಹೇಳಿದೆ. ಚಪ್ಪಲಿ ಸಾಲಿನ ಮಾತಿಗೆ ನಕ್ಕಳು, ಕೊಕ್ಕಡದ ಅಕ್ಕನ ಮಾತಿಗೆ ಎದ್ದು ಒಳಗೆ ಹೋದಳು.

ಶೂನ್ಯ ದ್ರವ ವಿಸರ್ಜನೆಯ ಒಳಗುಟ್ಟನ್ನು ಯಾರಾದರೂ ಹೇಳಿ. ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ ಎಂದರೆ ಅದು ಎಲ್ಲಿ ಹೋಗುತ್ತದೆ?

ಇಟಿಪಿ ರಾತ್ರಿಪಾಳಿ · ರಾತ್ರಿ 11:50

ಇದು ನನ್ನ ಕೆಲಸ. ಒಂಬತ್ತು ವರ್ಷದಿಂದ ತ್ಯಾಜ್ಯ ನೀರಿನ ಶುದ್ಧೀಕರಣ ಘಟಕದಲ್ಲಿದ್ದೇನೆ. ಕಂಪನಿಯ ಹೆಸರು ಕೇಳಬೇಡಿ, ಈಗಿನದ್ದೂ ಬೇಡ ಹಿಂದಿನದ್ದೂ ಬೇಡ.

ನೀರು ಆವಿಯಾಗುತ್ತದೆ, ಅಷ್ಟೇ. ಹೆಚ್ಚು ಉಪ್ಪಿನ ನೀರನ್ನು ಎಂಇಇ ಎಂಬ ಯಂತ್ರಕ್ಕೆ ಬಿಡುತ್ತೇವೆ. ಮೂರೋ ನಾಲ್ಕೋ ದೊಡ್ಡ ಪಾತ್ರೆಗಳು ಸಾಲಾಗಿ. ಮೊದಲನೆಯದಕ್ಕೆ ಬಾಯ್ಲರಿನ ಹಬೆ, ಅದರಲ್ಲಿ ಎದ್ದ ಆವಿ ಎರಡನೆಯದನ್ನು ಕಾಯಿಸುತ್ತದೆ, ಎರಡನೆಯದರದು ಮೂರನೆಯದನ್ನು. ಆವಿ ತಣಿದು ನೀರಾಗಿ ಕೂಲಿಂಗ್ ಟವರಿಗೆ ಹೋಗುತ್ತದೆ. ಕೊನೆಗೆ ಪಾಯಸದಂಥ ಗಟ್ಟಿ ದ್ರವ ಉಳಿಯುತ್ತದೆ, ಅದನ್ನು ಒಣಗಿಸಿದರೆ ಕಂದು ಉಪ್ಪು. ಆ ಉಪ್ಪನ್ನು ಚೀಲದಲ್ಲಿ ತುಂಬಿ ದಾಬಸ್‌ಪೇಟೆಯಂಥ ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಕಳುಹಿಸಬೇಕು. ಟನ್ನಿಗೆ ಇಷ್ಟು ಎಂದು ದರ, ಮೇಲೆ ಲಾರಿ ಬಾಡಿಗೆ. ಭೀಮಾ ತೀರದಿಂದ ದಾಬಸ್‌ಪೇಟೆಗೆ ಎಷ್ಟು ದೂರ ಎಂದು ನೀವೇ ನೋಡಿ.

ಲೆಕ್ಕ ಹೇಳುತ್ತೇನೆ. ಮೂರು ಪಾತ್ರೆಯ ಯಂತ್ರದಲ್ಲಿ ಒಂದು ಟನ್ ನೀರು ಆವಿಯಾಗಲು ಸುಮಾರು 0.4 ಟನ್ ಹಬೆ ಬೇಕು. ದಿನಕ್ಕೆ ನೂರು ಟನ್ ನೀರಿಗೆ ನಲವತ್ತು ಟನ್ ಹಬೆ, ಅದಕ್ಕೆ ಏಳೆಂಟು ಟನ್ ಕಲ್ಲಿದ್ದಲು. ನದಿಗೆ ಹೊಲಸು ಹೋಗದಿರಲಿ ಎಂದು ಆಕಾಶಕ್ಕೆ ಹೊಗೆ ಬಿಡುತ್ತೇವೆ. ಇದರಲ್ಲಿ ಒಂದು ರೂಪಾಯಿ ಆದಾಯವಿಲ್ಲ. ಮಾಲೀಕನ ಕಣ್ಣಿಗೆ ಈ ಘಟಕ ಮನೆಯಲ್ಲಿ ದುಡಿಯದೆ ಉಣ್ಣುವ ನೆಂಟ.

ಹಿಂದೆ ಒಂದು ಕಡೆ ಕೆಲಸ ಮಾಡುತ್ತಿದ್ದಾಗಿನ ಮಾತು. ಶುದ್ಧೀಕರಿಸಿದ ನೀರಿನಲ್ಲಿ ಮೀನು ಸಾಕಿದ ತೊಟ್ಟಿ ಇತ್ತು, ಬಂದವರಿಗೆ ತೋರಿಸಲು. ನೀರು ಸ್ವಚ್ಛವಿದೆ ನೋಡಿ, ಮೀನು ಬದುಕಿದೆ ಎಂದು. ಎಂಇಇ ಕೆಟ್ಟಾಗ ಬಿಡಿಭಾಗ ಬರಲು ಒಂದು ವಾರ. ಉತ್ಪಾದನೆ ನಿಲ್ಲಿಸಲಿಲ್ಲ. ಟ್ಯಾಂಕ್ ತುಂಬಿತು. ಮೂರನೆಯ ರಾತ್ರಿ ಮಳೆ ಬಂತು. ಮಳೆಗಾಲದ ಚರಂಡಿಯ ಗೇಟ್ ಎತ್ತುವಂತೆ ಮೇಲಿನಿಂದ ಫೋನ್. ಎತ್ತಿದವನು ನಾನೇ. ಬೆಳಿಗ್ಗೆ ತೊಟ್ಟಿಯ ಮೀನೂ ಸತ್ತಿತ್ತು. ಪಾಳಿ ಮುಗಿಸಿ ಪೇಟೆಗೆ ಹೋಗಿ ಹನ್ನೆರಡು ಮೀನು ಕೊಂಡು ತಂದು ಬಿಟ್ಟೆ, ಬಿಲ್ಲನ್ನು "ತೋಟದ ನಿರ್ವಹಣೆ" ಎಂದು ಬರೆಸಿದರು. ಆರು ತಿಂಗಳಿಗೆ ಆ ಕೆಲಸ ಬಿಟ್ಟೆ. ಧೈರ್ಯದಿಂದ ಬಿಟ್ಟೆ ಎಂದುಕೊಳ್ಳಬೇಡಿ, ಬೇರೆ ಕೆಲಸ ಸಿಕ್ಕ ಮೇಲೆ ಬಿಟ್ಟೆ.

ಈಗಿರುವ ಕಡೆ ಹಾಗಿಲ್ಲ. ಇಲ್ಲಿ ಎಂಇಇ ಎರಡು ಸಾಲು ಇವೆ, ಒಂದು ಕೆಟ್ಟರೆ ಇನ್ನೊಂದು. ಟ್ಯಾಂಕಿನ ಮಟ್ಟ ಮುಕ್ಕಾಲು ದಾಟಿದರೆ ಉತ್ಪಾದನಾ ವಿಭಾಗಕ್ಕೆ ಹೋಗುವ ನೀರನ್ನೇ ನಾನು ನಿಲ್ಲಿಸಬಹುದು, ಯಾರನ್ನೂ ಕೇಳಬೇಕಿಲ್ಲ. ಕಳೆದ ವರ್ಷ ಎರಡು ಸಲ ನಿಲ್ಲಿಸಿದ್ದೇನೆ. ಬೈದರು, ಸಂಬಳ ಕೊಟ್ಟರು.

ರಸಾಯನ ಮೇಡಂ · ಗುರುವಾರ, ಬೆಳಿಗ್ಗೆ 5:55

ಇದನ್ನು ಓದಿ ಸುಮ್ಮನೆ ಕುಳಿತೆ. ಬರೆದದ್ದಕ್ಕೆ ಧನ್ಯವಾದ.

ಲೆಕ್ಕದ ಮೇಷ್ಟ್ರು · ಬೆಳಿಗ್ಗೆ 7:10

ಗೇಟ್ ಎತ್ತಿದ್ದನ್ನು ಒಪ್ಪಿಕೊಂಡಿದ್ದೀರಿ. ಆದರೆ ಮಾಲೀಕನಿಗೂ ಒಂದು ಮಾತು ಇರುತ್ತದೆ: ಎರಡು ಸಾಲು ಎಂಇಇ ಹಾಕಿದವನ ಸರಕು ದುಬಾರಿ, ರಾತ್ರಿ ಗೇಟ್ ಎತ್ತುವವನ ಸರಕು ಅಗ್ಗ. ಕೊಳ್ಳುವವನು ಅಗ್ಗದ್ದನ್ನೇ ಕೊಳ್ಳುತ್ತಾನೆ. ಒಬ್ಬ ಒಳ್ಳೆಯವನಾಗಿ ಉಳಿಯಬೇಕಾದರೆ ಎಲ್ಲರಿಗೂ ಒಂದೇ ನಿಯಮ ಬಿಗಿಯಾಗಿ ಇರಬೇಕು. ಸಡಿಲ ನಿಯಮದಿಂದ ಉದ್ಯಮ ಬೆಳೆಯುತ್ತದೆ ಎಂಬ ಮಾತು ಸುಳ್ಳು, ಅದರಿಂದ ಬೆಳೆಯುವುದು ಗೇಟ್ ಎತ್ತುವವನು.

ಪೀಣ್ಯವಾಸಿ · ಬೆಳಿಗ್ಗೆ 7:14

ಮೇಷ್ಟ್ರು ಇವತ್ತು ನಮ್ಮ ಪಕ್ಷ.

ಹಳೆಯ ಬಾಯ್ಲರ್ · ಬೆಳಿಗ್ಗೆ 9:30

ದುಡಿಯದೆ ಉಣ್ಣುವ ನೆಂಟ ಎಂದಿರಿ. ಆ ನೆಂಟನನ್ನು ದುಡಿಸುವ ದಾರಿಗಳೂ ಇವೆ. ಕಬ್ಬಿನ ಡಿಸ್ಟಿಲರಿಗಳನ್ನು ನೋಡಿ. ಒಂದು ಲೀಟರ್ ಮದ್ಯಸಾರಕ್ಕೆ ಹತ್ತು ಲೀಟರಿನಷ್ಟು ಕಪ್ಪು ಗಬ್ಬು ನೀರು ಬರುತ್ತಿತ್ತು, ಮೈಲುಗಟ್ಟಲೆ ನಾತ. ಈಗ ಅದನ್ನು ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಡುತ್ತಾರೆ, ಹಬೆ ಸಿಗುತ್ತದೆ. ಉಳಿದ ಬೂದಿಯಲ್ಲಿ ಪೊಟ್ಯಾಷ್ ಇದೆ, ಅದನ್ನು 14.5 ಶೇಕಡಾ ಪೊಟ್ಯಾಷ್ ಇರುವ ಗೊಬ್ಬರವಾಗಿ ಸರಕಾರವೇ ಸಬ್ಸಿಡಿಗೆ ಸೇರಿಸಿದೆ. ಪೊಟ್ಯಾಷ್ ಪೂರ್ತಿ ಆಮದಾಗುವ ದೇಶಕ್ಕೆ ಇದು ಸಣ್ಣ ಮಾತಲ್ಲ. ಎಚ್ ಆಸಿಡ್‌ನಲ್ಲೂ ಬಳಸಿದ ಆಮ್ಲವನ್ನು ಮತ್ತೆ ಉಪಯೋಗಿಸಬಹುದು, ಕೊಳ್ಳುವವನು ಹತ್ತಿರ ಇದ್ದರೆ. ಒಂಟಿ ಕಾರ್ಖಾನೆಗೆ ಅದು ಕಷ್ಟ. ಹೊಲದ ನಡುವೆ ಒಂಟಿಯಾಗಿ ಏಕೆ ಕಟ್ಟುತ್ತಿದ್ದಾರೆ ಎಂದು ನನಗೆ ಆಗಿನಿಂದ ಅನುಮಾನ.

ಕಪ್ಪುಕೋಟು · ಬೆಳಿಗ್ಗೆ 10:15

ಸಭೆಯ ವಿಷಯಕ್ಕೆ ಬರೋಣ. ಅದು ಮತದಾನವಲ್ಲ. ಬೇಕು ಎಂದು ಐನೂರು ಜನ, ಬೇಡ ಎಂದು ಐನೂರು ಜನ ಕೂಗಿದರೆ ಎರಡೂ ಗಾಳಿಗೆ. ದಾಖಲಾಗುವ ಪ್ರಶ್ನೆ ಮಾತ್ರ ಮುಂದೆ ಕೆಲಸಕ್ಕೆ ಬರುತ್ತದೆ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ, ಪೂರ್ತಿ ವಿಡಿಯೊ ಆಗಬೇಕು, ಕೊನೆಯಲ್ಲಿ ನಡಾವಳಿಯನ್ನು ಸಭೆಗೆ ಕನ್ನಡದಲ್ಲಿ ಓದಿ ಹೇಳಲೇಬೇಕು. ಆ ಹೊತ್ತಿಗೆ ಊಟದ ವಾಸನೆ ಬರುತ್ತದೆ, ಜನ ಎದ್ದು ಹೋಗುತ್ತಾರೆ. ನೀವು ಏಳಬೇಡಿ. ನೀವು ಕೇಳಿದ್ದು ಅದರಲ್ಲಿ ಇಲ್ಲದಿದ್ದರೆ ಅಲ್ಲೇ ಸೇರಿಸಲು ಹೇಳಿ, ಲಿಖಿತ ಪ್ರತಿಯನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನೊಂದು. ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಒಂದು ಕಲಂ ಸೇರಿಸಿದರು: ಒಳಗೆ ಯಾವ ಅಪಾಯವಿದೆ ಎಂಬುದನ್ನು ಕಾರ್ಮಿಕರಿಗೆ ಮಾತ್ರವಲ್ಲ, ಸುತ್ತಲಿನ ಜನರಿಗೂ ತಿಳಿಸಬೇಕು ಎಂದು. 1989ರ ನಿಯಮಗಳ ಪ್ರಕಾರ ಕಾರ್ಖಾನೆಯ ಹೊರಗೆ ಅನಾಹುತವಾದರೆ ಏನು ಮಾಡಬೇಕೆಂಬ ಯೋಜನೆ, ವರ್ಷಕ್ಕೊಮ್ಮೆ ಅದರ ಅಣಕು ಕಾರ್ಯಾಚರಣೆ ನಡೆಯಬೇಕು. ನಿಮ್ಮ ಊರಿನ ಹೆಸರು ಆ ಯೋಜನೆಯಲ್ಲಿ ಇರುತ್ತದೆಯೇ ಎಂದು ಕೇಳಿ.

ತೊಗರಿ ಹೊಲ · ಬೆಳಿಗ್ಗೆ 10:40

ಮೂರು ನಿಮಿಷಕ್ಕೆ ಇಷ್ಟೆಲ್ಲ ಹಿಡಿಸುವುದಿಲ್ಲ ಸರ್. ಒಂದೇ ಪ್ರಶ್ನೆ ಆರಿಸಿಕೊಡಿ.

ಇಟಿಪಿ ರಾತ್ರಿಪಾಳಿ · ಸಂಜೆ 5:20

ಎಂಇಇ ಕೆಟ್ಟ ದಿನ ಕಾರ್ಖಾನೆ ನಡೆಯುತ್ತದೆಯೇ, ನಿಲ್ಲುತ್ತದೆಯೇ? ನಿಲ್ಲಿಸುವವರು ಯಾರು? ಇದನ್ನೇ ಕೇಳಿ.

ತೊಗರಿ ಹೊಲ · ಎರಡು ವಾರದ ನಂತರ, ಸೋಮವಾರ, ರಾತ್ರಿ 10:05

ಸಭೆ ನಿನ್ನೆ ಮುಗಿಯಿತು. ಶಾಮಿಯಾನ, ಸಾವಿರ ಕುರ್ಚಿ, ಜೀಪಿನಲ್ಲಿ ಬಂದ ನಮಗೆ ಗೊತ್ತಿಲ್ಲದ ಜನ, ಪಲಾವು. ಮೊದಲ ಒಂದು ಗಂಟೆ ಕೂಗಾಟದಲ್ಲೇ ಹೋಯಿತು. ನನ್ನ ಸರದಿ ಬರುವಾಗ ಮಧ್ಯಾಹ್ನ ಎರಡು.

ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳಿದೆ. ಟೈ ಕಟ್ಟಿದ್ದ ಸಲಹೆಗಾರರು "ನಮ್ಮದು ಅತ್ಯಾಧುನಿಕ ತಂತ್ರಜ್ಞಾನ, ಕೆಡುವ ಪ್ರಶ್ನೆಯೇ ಇಲ್ಲ" ಎಂದರು. ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು, "ನನ್ನ ಟ್ರ್ಯಾಕ್ಟರ್ ಕೊಟ್ಟವನೂ ಹೀಗೇ ಹೇಳಿದ್ದ" ಎಂದ. ಇಡೀ ಶಾಮಿಯಾನ ನಕ್ಕಿತು. ಅಧ್ಯಕ್ಷತೆಯಲ್ಲಿದ್ದ ಮೇಡಂ ನಗಲಿಲ್ಲ, ಪೆನ್ನು ಹಿಡಿದು ಮತ್ತೆ ಕೇಳಿದರು: ಕೆಟ್ಟರೆ ಎಷ್ಟು ದಿನದ ನೀರು ಹಿಡಿಯುವ ಟ್ಯಾಂಕ್ ಇದೆ? ಎರಡು ದಿನ. ಬಿಡಿಭಾಗ ಬರಲು? ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ "ಒಂದು ವಾರ ಆಗಬಹುದು" ಎಂದರು. ಎಂಇಇ ಎಷ್ಟು ಸಾಲು? ಒಂದು. ಅಪಕರ್ಷಣೆಗೆ ಕಬ್ಬಿಣದ ಪುಡಿಯೇ ಅಂತೆ, ಹೈಡ್ರೋಜನ್ "ಎರಡನೆಯ ಹಂತದಲ್ಲಿ".

ನಡಾವಳಿ ಓದುವವರೆಗೆ ನಾವು ಹದಿನಾಲ್ಕು ಜನ ಕುಳಿತಿದ್ದೆವು. "ಎರಡು ದಿನ" ಮತ್ತು "ಒಂದು ವಾರ" ಎರಡೂ ಅದರಲ್ಲಿ ಬಂದಿವೆ. ಪಲಾವು ತಣ್ಣಗಾಗಿತ್ತು.

ಕಪ್ಪುಕೋಟು · ರಾತ್ರಿ 10:11

ಆ ಪುಟದ ದೃಢೀಕೃತ ಪ್ರತಿ ತೆಗೆದಿಡಿ. ಅನುಮತಿ ಸಿಕ್ಕರೂ ಷರತ್ತು ಬರೆಸಲು ಅದೇ ಆಧಾರ.

ಪೀಣ್ಯವಾಸಿ · ರಾತ್ರಿ 10:13

ಹಾಗಾದರೆ ಕಾರ್ಖಾನೆ ಬರುತ್ತದೋ ಇಲ್ಲವೋ?

ತೊಗರಿ ಹೊಲ · ರಾತ್ರಿ 10:30

ಗೊತ್ತಿಲ್ಲ. ರಾತ್ರಿಪಾಳಿ ಸರ್, ನಿಮ್ಮನ್ನು ಒಂದು ಕೇಳಬೇಕು. ಅಣ್ಣ ಸಭೆಯಲ್ಲಿ ಕಾರ್ಖಾನೆ ಬೇಕು ಎನ್ನುವವರ ಕಡೆ ಕುಳಿತಿದ್ದ. ಮನೆಗೆ ಬರುವಾಗ ಮಾತಾಡಲಿಲ್ಲ. ಊಟಕ್ಕೆ ಕುಳಿತಾಗ ಕೇಳಿದ: "ಆ ನೀರು ನಿಲ್ಲಿಸುವ ಕೆಲಸ ಇದೆಯಲ್ಲ, ಅದಕ್ಕೆ ಐಟಿಐ ಸಾಕೇ?"

ಇಟಿಪಿ ರಾತ್ರಿಪಾಳಿ · ರಾತ್ರಿ 11:58

ಸಾಕು. ಯಾವ ಟ್ರೇಡ್? ಕೆಮಿಕಲ್ ಪ್ಲಾಂಟ್ ಆಪರೇಟರ್ ಆದರೆ ಒಳ್ಳೆಯದು, ಫಿಟ್ಟರ್ ಆದರೂ ನಡೆಯುತ್ತದೆ. ಪಂಪಿನ ಸೀಲ್ ಬದಲಿಸಲು ಬರುತ್ತದೆಯೇ ಎಂದು ಕೇಳಿ ತಿಳಿಸಿ.